ಕಾರಿನ ಆಯಿಲ್ ಫಿಲ್ಟರ್ ವಾಲ್ವ್: ಮನೆಯಲ್ಲಿ ಮಾಡುವ ಪರೀಕ್ಷೆಗಳು ಎಷ್ಟು ನಿಜ ಹೇಳುತ್ತವೆ?

ಹೊಸ ಆಯಿಲ್ ಫಿಲ್ಟರ್ ಕೈಗೆ ಬಂದೊಡನೆ ಕೆಲವರು ಅದರ ನಡುವಿನ ತೂತಿಗೆ ಬಾಯಿಟ್ಟು ಊದಿ ನೋಡುತ್ತಾರೆ. ಗಾಳಿ ದಾಟದಿದ್ದರೆ ವಾಲ್ವ್ ಗಟ್ಟಿ ಇದೆ, ಮಾಲು ಅಸಲಿ. ದಾಟಿದರೆ ಡುಪ್ಲಿಕೇಟ್. ಇನ್ನು ಕೆಲವರು ನೀರು ತುಂಬಿ ಬೋರಲು ಹಾಕುತ್ತಾರೆ, ಪೆನ್ಸಿಲ್ ತೂರಿಸಿ ಒತ್ತುತ್ತಾರೆ, ಕೈಯಲ್ಲಿ ತೂಗಿ ಭಾರ ನೋಡುತ್ತಾರೆ. ಇವುಗಳಲ್ಲಿ ಯಾವುದನ್ನು ನಂಬಬಹುದು?

ಚಿಕ್ಕ ಉತ್ತರ ಹೀಗಿದೆ. ಫಿಲ್ಟರ್ ಒಳಗೆ ಸಾಮಾನ್ಯವಾಗಿ ಎರಡು ವಾಲ್ವ್ ಇರುತ್ತವೆ. ಒಂದು ತೀರಾ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಇನ್ನೊಂದಕ್ಕೆ ಅದರ ನೂರು ಪಟ್ಟು ಒತ್ತಡ ಬೇಕು, ಅದು ಬಾಯಿಯ ಗಾಳಿಗೆ ಜಗ್ಗುವುದಿಲ್ಲ. ಪರೀಕ್ಷೆಗೆ ಸರಿಯಾದ ವಸ್ತು ಹೊಸ ಫಿಲ್ಟರ್ ಅಲ್ಲ, ಕಾರಿನಿಂದ ಈಗಷ್ಟೇ ಬಿಚ್ಚಿದ ಹಳೆಯ ಫಿಲ್ಟರ್. ಏಕೆಂದು ಮುಂದೆ ನೋಡೋಣ.

ಕಲಬುರಗಿಯ ಕಾರಿಗೆ ಇದೇಕೆ ಮುಖ್ಯ?

ಶಹಾಬಜಾರದಂಥ ಹಳೆಯ ಬಡಾವಣೆಯಲ್ಲಿ ಮನೆ ಇರುವವರ ಕಾರಿನ ದಿನಚರಿ ಗಮನಿಸಿ. ಬೆಳಿಗ್ಗೆ ಶಾಲೆ, ಆಮೇಲೆ ಮಾರುಕಟ್ಟೆ, ಸಂಜೆ ಮತ್ತೊಂದು ಸುತ್ತು. ಓಡುವುದು ನಾಲ್ಕಾರು ಕಿಲೋಮೀಟರ್, ಆದರೆ ಸ್ಟಾರ್ಟ್ ಮಾಡುವುದು ಹಲವು ಸಲ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ತನಕ ಹೋಗಿಬಂದ ದಿನ ಮಾತ್ರ ಎಂಜಿನ್‌ಗೆ ಉದ್ದನೆಯ ಓಟ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿನ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ. ಎರೆಮಣ್ಣಿನ ಹೊಲಗಳ ಧೂಳು ಒಂದು ಕಡೆಯಾದರೆ, ಶಹಾಬಾದ್, ವಾಡಿ, ಸೇಡಂ ಕಡೆ ಸುಣ್ಣದಕಲ್ಲಿನ ಮತ್ತು ಸಿಮೆಂಟಿನ ಧೂಳು ಇನ್ನೊಂದು ಕಡೆ.

ಕಾರು ತಯಾರಕರ ಕೈಪಿಡಿಗಳು ಧೂಳಿನ ರಸ್ತೆ, ಸಣ್ಣ ಓಡಾಟ, ಹೆಚ್ಚಿನ ಸೆಖೆ ಇವನ್ನು ಸಾಮಾನ್ಯವಾಗಿ 'ಕಠಿಣ ಬಳಕೆ' ಎಂಬ ಪಟ್ಟಿಯಲ್ಲಿ ಸೇರಿಸುತ್ತವೆ. ಇಂಥ ಕಡೆ ಆಯಿಲ್ ಮತ್ತು ಫಿಲ್ಟರನ್ನು ಬೇಗ ಬದಲಿಸಬೇಕು. ಪ್ರತಿ ಸಲ ಎಂಜಿನ್ ಬಂದ್ ಮಾಡಿದಾಗಲೂ ಫಿಲ್ಟರ್ ಒಳಗಿನ ಒಂದು ರಬ್ಬರ್ ವಾಲ್ವ್ ಮುಚ್ಚಿಕೊಳ್ಳಬೇಕು. ಅದು ಮುಚ್ಚದಿದ್ದರೆ ಮುಂದಿನ ಸ್ಟಾರ್ಟ್‌ನಲ್ಲಿ ಬೇರಿಂಗ್‌ಗಳು ಕೆಲವು ಕ್ಷಣ ಹೊಸ ಆಯಿಲ್ ಬರದೆ ತಿರುಗುತ್ತವೆ. ಫಿಲ್ಟರ್‌ನ ಬೆಲೆ ಕೆಲವು ನೂರು ರೂಪಾಯಿ. ಎಂಜಿನ್ ಬಿಚ್ಚಿಸುವ ಖರ್ಚು ಹತ್ತಾರು ಸಾವಿರ. ಟ್ಯಾಕ್ಸಿ ಓಡಿಸಿ ಮನೆ ನಡೆಸುವವರಿಗಾದರೆ ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ದುಡಿಮೆಯೂ ಹೋಗುತ್ತದೆ.

ಫಿಲ್ಟರ್ ಒಳಗೆ ಏನಿದೆ?

ಡಬ್ಬಿಯಂತೆ ಕಾಣುವ, ಎಂಜಿನ್‌ಗೆ ತಿರುಗಿಸಿ ಕೂರಿಸುವ ಫಿಲ್ಟರನ್ನು ತೆಗೆದುಕೊಳ್ಳಿ. ಅದರ ಬಾಯಿಯ ಕಡೆ ದಪ್ಪ ಲೋಹದ ತಟ್ಟೆ ಇದೆ. ತಟ್ಟೆಯ ಅಂಚಿಗೆ ರಬ್ಬರ್ ಗ್ಯಾಸ್ಕೆಟ್, ನಡುವೆ ಥ್ರೆಡ್ ಇರುವ ದೊಡ್ಡ ತೂತು, ಅದರ ಸುತ್ತ ಹಲವು ಸಣ್ಣ ತೂತುಗಳು.

ಪಂಪ್ ತಳ್ಳಿದ ಆಯಿಲ್ ಸಣ್ಣ ತೂತುಗಳ ಮೂಲಕ ಒಳಗೆ ಬಂದು, ನೆರಿಗೆ ಹಿಡಿದ ಶೋಧಕ ಕಾಗದದ ಹೊರಬದಿಯನ್ನು ತುಂಬುತ್ತದೆ. ಕಾಗದ ದಾಟಿ ನಡುವಿನ ಕೊಳವೆಗೆ ಸೇರಿ, ದೊಡ್ಡ ತೂತಿನಿಂದ ಎಂಜಿನ್‌ಗೆ ಹೋಗುತ್ತದೆ. ಅಂದರೆ ಸಣ್ಣ ತೂತುಗಳ ಕಡೆ ಕೊಳೆ ಆಯಿಲ್, ದೊಡ್ಡ ತೂತಿನ ಕಡೆ ಶುದ್ಧ ಆಯಿಲ್. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಮೊದಲನೆಯದು ಹಿಮ್ಮರಳು ತಡೆಯುವ ವಾಲ್ವ್. ಸಣ್ಣ ತೂತುಗಳ ಹಿಂದೆ ಛತ್ರಿಯಂತೆ ಹರಡಿದ ರಬ್ಬರ್ ಪದರವೇ ಇದು. ಆಯಿಲ್ ಒಳಗೆ ಬರುವಾಗ ಬಾಗುತ್ತದೆ, ಎಂಜಿನ್ ನಿಂತಾಗ ತೂತುಗಳನ್ನು ಮುಚ್ಚಿ ಆಯಿಲ್ ವಾಪಸ್ ಸಂಪಿಗೆ ಇಳಿಯದಂತೆ ತಡೆಯುತ್ತದೆ. ಬಾವಿಯ ಪಂಪಿಗೆ ಹಾಕುವ ಫುಟ್ ವಾಲ್ವ್ ಮಾಡುವ ಕೆಲಸವೇ ಇದರದೂ. ಫುಟ್ ವಾಲ್ವ್ ಸೋರಿದರೆ ಮೋಟಾರ್ ಹಾಕಿದೊಡನೆ ನೀರು ಬಾರದು, ಪೈಪಿಗೆ ಮತ್ತೆ ನೀರು ತುಂಬಬೇಕು ಎಂಬುದು ರೈತರಿಗೆ ಗೊತ್ತು. ಎಂಜಿನ್‌ನಲ್ಲಿ ಆ 'ತುಂಬುವ' ಸಮಯದಲ್ಲಿ ಬೇರಿಂಗ್‌ಗಳು ತಿರುಗುತ್ತಲೇ ಇರುತ್ತವೆ.

ಎರಡನೆಯದು ಬೈಪಾಸ್ ವಾಲ್ವ್. ಸ್ಪ್ರಿಂಗ್ ಒತ್ತಿ ಹಿಡಿದ ಸಣ್ಣ ಬಿಲ್ಲೆ ಇದು. ಕಾಗದ ಕೊಳೆಯಿಂದ ಕಟ್ಟಿಕೊಂಡಾಗ ಅಥವಾ ಚಳಿಯಲ್ಲಿ ಆಯಿಲ್ ದಪ್ಪಗಾದಾಗ ಕಾಗದದ ಎರಡು ಬದಿಗಳ ಒತ್ತಡದಲ್ಲಿ ವ್ಯತ್ಯಾಸ ಏರುತ್ತದೆ. ವ್ಯತ್ಯಾಸ ಮಿತಿ ದಾಟಿದರೆ ಬಿಲ್ಲೆ ತೆರೆದು, ಆಯಿಲ್ ಸೋಸದೆಯೇ ಎಂಜಿನ್‌ಗೆ ಹೋಗುತ್ತದೆ. ಆಯಿಲ್ ಇಲ್ಲದಿರುವುದಕ್ಕಿಂತ ಕೊಳೆ ಆಯಿಲ್ ವಾಸಿ ಎಂಬ ಲೆಕ್ಕ ಇದು. ಹಾಗಾಗಿ ಬೈಪಾಸ್ ತೆರೆಯುವುದು ದೋಷವಲ್ಲ. ಬೇಡದಾಗ ತೆರೆದಿರುವುದು ಮತ್ತು ಬೇಕಾದಾಗ ತೆರೆಯದಿರುವುದು ದೋಷ.

ಎರಡು ಮಾತು ಸೇರಿಸಬೇಕು. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ವಾಲ್ವ್ ಎಂಜಿನ್‌ನಲ್ಲೇ ಇರುತ್ತದೆ. ಅಂಥವುಗಳ ಫಿಲ್ಟರ್‌ನಲ್ಲಿ ಅದು ಕಾಣದಿದ್ದರೆ ನಕಲಿ ಎನ್ನಲಾಗದು. ಇನ್ನು ಡಬ್ಬಿ ಇಲ್ಲದೆ ಬರೀ ಕಾಗದದ ಸುರುಳಿ ಬದಲಿಸುವ ಕಾರುಗಳಲ್ಲಿ ವಾಲ್ವ್‌ಗಳು ಸಾಮಾನ್ಯವಾಗಿ ಎಂಜಿನ್‌ಗೆ ಅಂಟಿದ ಹೊರಕವಚದಲ್ಲೇ ಉಳಿಯುತ್ತವೆ. ಆ ಕಾರುಗಳಿಗೆ ಈ ಲೇಖನದ ಪರೀಕ್ಷೆಗಳು ಅನ್ವಯಿಸವು.

ಒತ್ತಡದ ಲೆಕ್ಕ

ಡಬ್ಬಿ ಫಿಲ್ಟರ್‌ನ ಎತ್ತರ ಸುಮಾರು 8–10 ಸೆಂಟಿಮೀಟರ್ ಎಂದುಕೊಳ್ಳಿ. ಅಷ್ಟು ಎತ್ತರದ ಆಯಿಲ್ ತನ್ನ ತೂಕದಿಂದ ಹಾಕುವ ಒತ್ತಡ 0.01 ಬಾರ್‌ಗಿಂತಲೂ ಸ್ವಲ್ಪ ಕಡಿಮೆ. ಎಂಜಿನ್ ನಿಂತಾಗ ಹಿಮ್ಮರಳು ವಾಲ್ವ್ ತಡೆಯಬೇಕಾದದ್ದು ಹೆಚ್ಚುಕಡಿಮೆ ಇಷ್ಟನ್ನೇ. ಹಾಗಾಗಿ ಫಿಲ್ಟರ್‌ಗೆ ಆಯಿಲ್ ತುಂಬಿ ನೋಡಿದರೆ ನಿಜವಾದ ಬಳಕೆಯ ಒತ್ತಡವೇ ಅದರ ಮೇಲೆ ಬೀಳುತ್ತದೆ.

ಬೈಪಾಸ್ ವಾಲ್ವ್‌ಗಳು ಕಾರಿಗೆ ತಕ್ಕಂತೆ ಸುಮಾರು 0.5ರಿಂದ 1.5 ಬಾರ್ ವ್ಯತ್ಯಾಸಕ್ಕೆ ತೆರೆಯುವಂತೆ ತಯಾರಾಗುತ್ತವೆ. 1 ಬಾರ್ ಅಂದರೆ 10 ಮೀಟರ್ ಎತ್ತರದ ನೀರಿನ ಒತ್ತಡ, ಮೂರು ಅಂತಸ್ತಿನ ಮನೆಯ ಮೇಲಿನ ಟ್ಯಾಂಕಿಯಿಂದ ನೆಲದ ನಲ್ಲಿಗೆ ಬರುವಷ್ಟು. ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರ್ ಸೀಟಿ ಹೊಡೆಯುವುದೂ ಸುಮಾರು ಇದೇ ಒತ್ತಡದಲ್ಲಿ. ಆರೋಗ್ಯವಂತ ವಯಸ್ಕರು ಜೋರಾಗಿ ಊದಿದರೆ ಹುಟ್ಟುವ ಒತ್ತಡ 0.1 ಬಾರ್ ಆಸುಪಾಸು. ಬಾಯಿಯಿಂದ ಊದಿ ಕುಕ್ಕರ್ ಸೀಟಿ ಎಬ್ಬಿಸಲು ಸಾಧ್ಯವಿಲ್ಲ. ಬೈಪಾಸ್ ವಾಲ್ವ್‌ನ ವಿಷಯವೂ ಅಷ್ಟೇ.

ಜನಪ್ರಿಯ ಪರೀಕ್ಷೆಗಳು ಮತ್ತು ಅವುಗಳ ಸತ್ಯಾಂಶ

ಊದುವುದು: ನಡುವಿನ ತೂತಿನಿಂದ ಊದಿದಾಗ ಗಾಳಿ ಸಣ್ಣ ತೂತುಗಳಿಂದ ಬಾರದಿದ್ದರೆ ಹಿಮ್ಮರಳು ವಾಲ್ವ್ ಮುಚ್ಚುತ್ತಿದೆ ಎಂದಷ್ಟೇ ಅರ್ಥ. ಬೈಪಾಸ್ ಬಗ್ಗೆ, ಕಾಗದದ ಗುಣಮಟ್ಟದ ಬಗ್ಗೆ ಇದು ಏನನ್ನೂ ಹೇಳದು. ಒಣ ರಬ್ಬರ್ ಮೂಲಕ ಸ್ವಲ್ಪ ಗಾಳಿ ಸೋರಿದರೂ ಆಯಿಲ್ ತಾಗಿದ ಮೇಲೆ ಅದೇ ವಾಲ್ವ್ ಸರಿಯಾಗಿ ಮುಚ್ಚಬಹುದು. ಬಾಯಿಯ ತೇವ ಫಿಲ್ಟರ್‌ನ ಶುದ್ಧ ಬದಿಗೆ ಹೋಗುವುದು ಬೇರೆ. ಬಳಸಿದ ಫಿಲ್ಟರ್‌ಗಂತೂ ಬಾಯಿ ಇಡಲೇಬಾರದು.

ನೀರು ತುಂಬಿ ಬೋರಲು ಹಾಕುವುದು: ಬೋರಲು ಹಾಕಿದೊಡನೆ ನಡುವಿನ ತೂತಿನಿಂದ ನೀರು ಸುರಿಯುತ್ತದೆ, 'ವಾಲ್ವ್ ಹೋಗಿದೆ' ಎಂಬ ತೀರ್ಪು ಬರುತ್ತದೆ. ಆದರೆ ನಡುವಿನ ತೂತಿಗೆ ಸಾಮಾನ್ಯವಾಗಿ ವಾಲ್ವ್ ಇರುವುದಿಲ್ಲ. ಅಲ್ಲಿಂದ ಸುರಿಯುವುದು ಸಹಜ. ನೋಡಬೇಕಾದದ್ದು ಸಣ್ಣ ತೂತುಗಳನ್ನು. ನೀರು ತಾಗಿದ ಕಾಗದ ಹಾಳಾಗುವ ಸಂಭವವಿದೆ, ಉಳಿದ ನೀರು ಆಯಿಲ್‌ಗೆ ಸೇರುತ್ತದೆ. ನೀರು ಹಾಕಿ ನೋಡಿದ ಫಿಲ್ಟರನ್ನು ಎಂಜಿನ್‌ಗೆ ಹಾಕಬೇಡಿ.

ಪೆನ್ಸಿಲ್‌ನಿಂದ ಒತ್ತುವುದು: ನಡುವಿನ ತೂತಿನಿಂದ ಒತ್ತಿದಾಗ ಒಳಗೆ ಏನೋ ಜಗ್ಗಿ ವಾಪಸ್ ಬಂದರೆ ಬೈಪಾಸ್ ಚೆನ್ನಾಗಿದೆ ಎನ್ನುತ್ತಾರೆ. ಬೈಪಾಸ್ ವಾಲ್ವ್ ಡಬ್ಬಿಯ ತಳದಲ್ಲಿರುವ ಫಿಲ್ಟರ್‌ಗಳಲ್ಲಿ ಅದು ತೆರೆಯುವುದು ಕೊಳೆ ಬದಿಯಿಂದ ನಡುವಿನ ಕೊಳವೆಯ ಕಡೆಗೆ. ಮೇಲಿನಿಂದ ಒತ್ತಿದರೆ ಬಿಲ್ಲೆಯನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿದಂತಾಗುತ್ತದೆ. ಜಗ್ಗಿದ್ದು ಇಡೀ ಶೋಧಕವನ್ನು ಹಿಡಿದಿಡುವ ಬೇರೆ ಸ್ಪ್ರಿಂಗ್ ಆಗಿರಬಹುದು.

ಕಿತ್ತಳೆ ರಬ್ಬರ್ ಅಸಲಿ, ಕಪ್ಪು ರಬ್ಬರ್ ನಕಲಿ: ಸಿಲಿಕೋನ್ ರಬ್ಬರ್ ಹೆಚ್ಚಾಗಿ ಕಿತ್ತಳೆ ಅಥವಾ ಕೆಂಪು ಬಣ್ಣದಲ್ಲಿ, ನೈಟ್ರೈಲ್ ರಬ್ಬರ್ ಕಪ್ಪು ಬಣ್ಣದಲ್ಲಿ ಬರುತ್ತದೆ ಎಂಬುದು ನಿಜ. ಸಿಲಿಕೋನ್ ಹೆಚ್ಚು ಬಿಸಿ ತಡೆಯುತ್ತದೆ, ನೈಟ್ರೈಲ್ ಬಹಳ ಕಾಲ ಬಿಸಿಯಲ್ಲಿದ್ದರೆ ಗಡುಸಾಗುತ್ತದೆ ಎಂಬುದೂ ನಿಜ. ಆದರೆ ಎಷ್ಟೋ ಅಸಲಿ ಫಿಲ್ಟರ್‌ಗಳಲ್ಲಿ ಇರುವುದು ನೈಟ್ರೈಲ್. ಹೇಳಿದ ಅವಧಿಗೆ ಬದಲಿಸಿದರೆ ಅದು ಸಾಕು. ಬಣ್ಣವನ್ನು ಯಾವ ರಬ್ಬರ್‌ಗೆ ಬೇಕಾದರೂ ಬೆರೆಸಬಹುದು.

ಭಾರ ಇದ್ದರೆ ಒಳ್ಳೆಯದು: ದಪ್ಪ ತಗಡು ಭಾರ ಕೊಡುತ್ತದೆ. ವಾಲ್ವ್‌ನ ರಬ್ಬರ್ ತೂಕ ಕೆಲವು ಗ್ರಾಂ ಮಾತ್ರ. ತೂಕದಿಂದ ಅದರ ಗುಣ ತಿಳಿಯದು.

ಹಳೆಯ ಫಿಲ್ಟರ್ ಮೇಲೆ ಮಾಡಬಹುದಾದ ಸರಿಯಾದ ಪರೀಕ್ಷೆ

ಹೊಸ ಫಿಲ್ಟರ್‌ಗೆ ನಡುವಿನ ತೂತಿನಿಂದ ಆಯಿಲ್ ಹುಯ್ದರೆ ಅದರಲ್ಲಿರುವ ಧೂಳಿನ ಕಣ ಸೋಸದೆ ನೇರ ಬೇರಿಂಗ್‌ಗೆ ಹೋಗುವ ಅಪಾಯವಿದೆ. ಹಳೆಯ ಫಿಲ್ಟರ್‌ಗೆ ಆ ಭಯ ಇಲ್ಲ. ಮೇಲಾಗಿ ತಿಂಗಳುಗಟ್ಟಲೆ ಬಿಸಿ ಕಂಡ ರಬ್ಬರ್ ಇನ್ನೂ ಮುಚ್ಚುತ್ತದೆಯೇ ಎಂಬ ನಿಜವಾದ ಪ್ರಶ್ನೆಗೆ ಉತ್ತರ ಹಳೆಯದರಲ್ಲೇ ಇದೆ. ಅದು ಪಾಸಾದರೆ ಅದೇ ತಯಾರಕರ ಅದೇ ನಂಬರಿನ ಫಿಲ್ಟರನ್ನು ಧೈರ್ಯವಾಗಿ ಮತ್ತೆ ಕೊಳ್ಳಬಹುದು.

ಬೇಕಾದದ್ದು: ಅಗಲವಾದ ಟ್ರೇ, ಚಿಂದಿ ಬಟ್ಟೆ, ಕೈಗವಸು, ಮೊಂಡು ತುದಿಯ ಪ್ಲಾಸ್ಟಿಕ್ ಕಡ್ಡಿ, ಹಳೆಯ ರಟ್ಟು.

1. ಬಿಚ್ಚಿದ ಫಿಲ್ಟರ್ ಸುಡದಷ್ಟು ಆರಲಿ. ಬಾಯಿ ಮೇಲೆ ಮಾಡಿ ನಿಲ್ಲಿಸಿ. ಆಯಿಲ್ ಕಡಿಮೆಯಾಗಿದ್ದರೆ ಕಾರಿನಿಂದ ಇಳಿಸಿದ ಹಳೆಯ ಆಯಿಲನ್ನೇ ನಡುವಿನ ತೂತಿಗೆ ಹುಯ್ದು ತುಂಬಿ. ಕಾಗದ ಹೀರಿಕೊಂಡು ಮಟ್ಟ ಇಳಿದರೆ ಮತ್ತೆ ತುಂಬಿ.

2. ಟ್ರೇ ಮೇಲೆ ಫಿಲ್ಟರನ್ನು ಅಡ್ಡ ಮಲಗಿಸಿ. ಉರುಳದಂತೆ ಎರಡೂ ಬದಿಗೆ ರಟ್ಟು ಒತ್ತಿಡಿ. ಈಗ ನಡುವಿನ ತೂತಿನ ಮಟ್ಟಕ್ಕಿಂತ ಮೇಲಿದ್ದ ಆಯಿಲ್ ಅಲ್ಲಿಂದ ಸುರಿಯುತ್ತದೆ. ಕೆರೆಯ ಕೋಡಿ ಹರಿದಂತೆ ಇದು. ದೋಷವಲ್ಲ.

3. ಸುರಿಯುವುದು ನಿಂತ ಮೇಲೆ ತಟ್ಟೆಯನ್ನು ಚೆನ್ನಾಗಿ ಒರೆಸಿ, ಅದರ ಕೆಳಗೆ ಒಣ ರಟ್ಟು ಇಡಿ. ಈಗ ಒಳಗೆ ಉಳಿದದ್ದು ಕೆಳಗಿನ ಅರ್ಧದ ಆಯಿಲ್. ಅದನ್ನು ತಡೆದು ನಿಲ್ಲಿಸಿರುವುದು ಕೆಳಬದಿಯ ಸಣ್ಣ ತೂತುಗಳ ಹಿಂದಿನ ರಬ್ಬರ್ ಮಾತ್ರ.

4. ಅರ್ಧ ಗಂಟೆ ಬಿಡಿ. ರಟ್ಟಿನ ಮೇಲೆ ಕೆಲವೇ ಹನಿ ಇದ್ದರೆ ವಾಲ್ವ್ ಹಿಡಿಯುತ್ತಿದೆ. ಆಯಿಲ್ ಹರಡಿ ಮಡುಗಟ್ಟಿದ್ದರೆ ಸೋರುತ್ತಿದೆ.

5. ಕೊನೆಯ ಹೆಜ್ಜೆಯನ್ನು ಬಿಡಬೇಡಿ. ಕೆಳಗಿನ ಸಣ್ಣ ತೂತಿನಿಂದ ಕಡ್ಡಿ ತೂರಿಸಿ ರಬ್ಬರನ್ನು ಮೆಲ್ಲಗೆ ಒಳಗೆ ಒತ್ತಿ. ಒಡನೆ ಆಯಿಲ್ ಧಾರೆಯಾಗಿ ಬಂದರೆ ಅಷ್ಟು ಹೊತ್ತು ಅದನ್ನು ತಡೆದದ್ದು ವಾಲ್ವ್ ಎಂಬುದು ಖಚಿತ. ಏನೂ ಬಾರದಿದ್ದರೆ ಒಳಗೆ ಆಯಿಲ್ ಉಳಿದಿರಲಿಲ್ಲ. ಆಗ ರಟ್ಟು ಒಣಗಿದ್ದರೂ ಅದು 'ಪಾಸ್' ಅಲ್ಲ, ತುಂಬಿ ಮತ್ತೆ ಮಾಡಬೇಕು.

ಬಾಯಿ ಮೇಲಾಗಿ ನೇತಾಡುವ ಫಿಲ್ಟರ್‌ಗಳಲ್ಲಿ ಆಯಿಲ್ ಬಟ್ಟಲಿನಲ್ಲಿ ನಿಂತಂತೆ ನಿಲ್ಲುತ್ತದೆ, ವಾಲ್ವ್ ಸ್ವಲ್ಪ ಸೋರಿದರೂ ತೊಂದರೆ ಕಡಿಮೆ. ಅಡ್ಡವಾಗಿ ಅಥವಾ ಬಾಯಿ ಕೆಳಗಾಗಿ ಕೂರುವ ಫಿಲ್ಟರ್‌ಗಳಲ್ಲಿ ಈ ವಾಲ್ವ್ ಬಹಳ ಮುಖ್ಯ. ನಿಮ್ಮ ಕಾರಿನಲ್ಲಿ ಅದು ಹೇಗೆ ಕೂತಿದೆ ಎಂದು ಮೊದಲು ನೋಡಿಕೊಳ್ಳಿ.

ಬೈಪಾಸ್ ವಾಲ್ವ್‌ಗೆ ಏನು ಮಾಡಬಹುದು?

ಫಿಲ್ಟರ್ ಕತ್ತರಿಸಿದರೆ ಮಾತ್ರ ಅದನ್ನು ಕೈಯಿಂದ ಮುಟ್ಟಿ ನೋಡಬಹುದು. ಒಂದು ದಿನ ಆಯಿಲ್ ಸೋರಲು ಬಿಟ್ಟು, ಪರಿಚಯದ ಮೆಕ್ಯಾನಿಕ್ ಕೈಯಲ್ಲಿ ಕತ್ತರಿಸಿಸುವುದು ಕ್ಷೇಮ. ಗರಗಸದಿಂದ ಕೊಯ್ದರೆ ಲೋಹದ ಪುಡಿ ಒಳಗೆ ಬೀಳುತ್ತದೆ, ಅದನ್ನು ಎಂಜಿನ್ ಸವೆತದ ಪುಡಿ ಎಂದು ತಿಳಿದು ಗಾಬರಿಯಾಗಬೇಡಿ.

ಹೊರಬಂದ ಶೋಧಕದ ತುದಿಯಲ್ಲಿ ಬೈಪಾಸ್ ಬಿಲ್ಲೆ ಕಂಡರೆ, ಕೊಳೆ ಬದಿಯಿಂದ ಮೊಂಡು ಕಡ್ಡಿಯಲ್ಲಿ ಒತ್ತಿ. ಪ್ರತಿರೋಧ ಕೊಟ್ಟು ಸರಿದು, ಬಿಟ್ಟೊಡನೆ ಪೂರ್ತಿ ವಾಪಸ್ ಕೂರಬೇಕು. ಶೋಧಕವನ್ನು ಪ್ಲಾಸ್ಟಿಕ್ ಹೊದಿಸಿದ ತೂಕದ ಯಂತ್ರದ ಮೇಲಿಟ್ಟು ಒತ್ತಿದರೆ ಬಲವನ್ನೂ ಅಂದಾಜಿಸಬಹುದು. ಬಿಲ್ಲೆ ಮುಚ್ಚುವ ತೂತಿನ ವ್ಯಾಸ 15 ಮಿಲಿಮೀಟರ್ ಇದ್ದರೆ ವಿಸ್ತೀರ್ಣ ಸುಮಾರು 1.8 ಚದರ ಸೆಂಟಿಮೀಟರ್. ಅದು 1 ಬಾರ್‌ಗೆ ತೆರೆಯುವ ವಾಲ್ವ್ ಆದರೆ ಯಂತ್ರದಲ್ಲಿ ಸುಮಾರು 1.8 ಕಿಲೋ ಏರಿದಾಗ ಬಿಲ್ಲೆ ಅಲುಗಬೇಕು. ಕೆಲವೇ ಗ್ರಾಂಗೆ ಅಲುಗಿದರೆ ಸ್ಪ್ರಿಂಗ್ ಸತ್ತಿದೆ. ಎಷ್ಟು ಒತ್ತಿದರೂ ಅಲುಗದಿದ್ದರೆ ಸಿಕ್ಕಿಕೊಂಡಿದೆ. ಇದು ಒರಟು ಅಂದಾಜು ಮಾತ್ರ. 0.8 ಬಾರ್‌ಗೂ 1 ಬಾರ್‌ಗೂ ಇರುವ ವ್ಯತ್ಯಾಸವನ್ನು ಇದರಿಂದ ಹೇಳಲಾಗದು.

ಪ್ರಯೋಗಾಲಯದಲ್ಲಿ ಮಾತ್ರ ತಿಳಿಯುವುದು

ಎಂಜಿನ್ ಆಯಿಲ್ ಫಿಲ್ಟರ್‌ಗಳ ಪರೀಕ್ಷೆಗೆ ಐಎಸ್‌ಒ 4548 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ 2ನೇ ಭಾಗ ಬೈಪಾಸ್ ವಾಲ್ವ್‌ಗೆ, 9ನೇ ಭಾಗ ಹಿಮ್ಮರಳು ತಡೆಯುವ ವಾಲ್ವ್‌ಗಳಿಗೆ, 12ನೇ ಭಾಗ ಸೋಸುವ ಸಾಮರ್ಥ್ಯಕ್ಕೆ ಸಂಬಂಧಿಸಿದ್ದು. ಕೊನೆಯದರಲ್ಲಿ ಅಳತೆಯ ಧೂಳು ಬೆರೆಸಿದ ಆಯಿಲನ್ನು ಮತ್ತೆ ಮತ್ತೆ ಹಾಯಿಸಿ, ದಾಟಿದ ಕಣಗಳನ್ನು ಯಂತ್ರ ಎಣಿಸುತ್ತದೆ. ಫಿಲ್ಟರ್ ಹಿಡಿಯಬೇಕಾದ ಕಣಗಳು ಹೆಚ್ಚಾಗಿ 20–30 ಮೈಕ್ರಾನ್ ಗಾತ್ರದವು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಕಾಗದವನ್ನು ಬಿಸಿಲಿಗೆ ಹಿಡಿದು 'ದಟ್ಟವಾಗಿದೆ' ಎನ್ನುವುದು ಅಳತೆಯಲ್ಲ. ಅಂದರೆ ಮನೆಯ ಪರೀಕ್ಷೆಯಲ್ಲಿ ಫೇಲಾದ ಫಿಲ್ಟರ್ ಖಂಡಿತ ಕೆಟ್ಟದ್ದು, ಪಾಸಾದದ್ದು ಪೂರ್ತಿ ಒಳ್ಳೆಯದು ಎನ್ನಲಾಗದು.

ಹೊಸದನ್ನು ಕೊಳ್ಳುವಾಗ

ಒಂದೇ ಅಳತೆಯ ಥ್ರೆಡ್ ಇರುವ ಫಿಲ್ಟರ್ ಹಲವು ಕಂಪನಿಗಳ ಕಾರುಗಳಿಗೆ ಕೂರುತ್ತದೆ. ಆದರೆ ಒಳಗಿನ ಬೈಪಾಸ್ ಒತ್ತಡ ಬೇರೆ ಇರಬಹುದು, ಬೈಪಾಸೇ ಇಲ್ಲದಿರಬಹುದು. ಕೂತಿತು ಎಂದರೆ ಹೊಂದಿತು ಎಂದಲ್ಲ. ಕೈಪಿಡಿಯಲ್ಲಿರುವ ಪಾರ್ಟ್ ನಂಬರ್ ಅಥವಾ ತಯಾರಕರ ಪಟ್ಟಿಯಲ್ಲಿ ನಿಮ್ಮ ಕಾರಿಗೆ ಹೇಳಿದ ನಂಬರನ್ನೇ ಕೇಳಿ.

ಪ್ಯಾಕೆಟ್ ಮೇಲೆ ತಯಾರಕರ ಹೆಸರು–ವಿಳಾಸ, ತಯಾರಾದ ತಿಂಗಳು–ವರ್ಷ, ಎಂಆರ್‌ಪಿ ಇರಬೇಕೆಂದು 2011ರ ಪ್ಯಾಕ್ ಮಾಡಿದ ಸರಕುಗಳ ನಿಯಮಗಳು ಹೇಳುತ್ತವೆ. ಟಾರ್ಚ್ ಹಿಡಿದು ಸಣ್ಣ ತೂತುಗಳಲ್ಲಿ ನೋಡಿ: ರಬ್ಬರ್ ಎಲ್ಲ ತೂತುಗಳನ್ನೂ ಸಮನಾಗಿ ಮುಚ್ಚಿದೆಯೇ, ಮಡಚಿಕೊಂಡಿದೆಯೇ? ಶುಚಿಯಾದ ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಮೆತ್ತಗೆ ಬಾಗಿ ವಾಪಸ್ ಬರಬೇಕು. ಥ್ರೆಡ್‌ನಲ್ಲಿ ಲೋಹದ ಚೂರು, ತುಕ್ಕು ಇದ್ದರೆ ಬೇಡ ಎನ್ನಿ.

ಬಿಲ್ ಕೇಳುವುದಕ್ಕೆ ಸಂಕೋಚ ಬೇಡ. ಬೇರೆಯವರ ಟ್ರೇಡ್‌ಮಾರ್ಕ್ ಹಾಕಿದ ನಕಲಿ ಮಾಲು ಮಾರುವುದಕ್ಕೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ 6 ತಿಂಗಳಿಂದ 3 ವರ್ಷ ಜೈಲು ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎರಡಕ್ಕೂ ನಿಮ್ಮ ಕೈಯಲ್ಲಿ ಬಿಲ್ ಇರಬೇಕು.

ಕಾರು ಕೊಡುವ ಸೂಚನೆ

ಸ್ಟಾರ್ಟ್ ಮಾಡಿದಾಗ ಅಲ್ಲಾದೀನನ ದೀಪದಂತೆ ಕಾಣುವ ಕೆಂಪು ಆಯಿಲ್ ಲೈಟ್ ಎರಡು–ಮೂರು ಸೆಕೆಂಡಿನಲ್ಲಿ ಆರಬೇಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಅದು ತಡವಾಗಿ ಆರಿದರೆ, ಜೊತೆಗೆ ಎಂಜಿನ್ ಕೆಲವು ಕ್ಷಣ ಕಟಕಟ ಸದ್ದು ಮಾಡಿ ಸುಮ್ಮನಾದರೆ, ಹಿಮ್ಮರಳು ವಾಲ್ವ್ ಸೋರುತ್ತಿರಬಹುದು. ಆಯಿಲ್ ಕಡಿಮೆ ಇರುವುದು, ತಪ್ಪು ಗ್ರೇಡ್, ಸವೆದ ಪಂಪ್ ಇವೂ ಕಾರಣ ಆಗಬಲ್ಲವು. ಮೊದಲು ಡಿಪ್‌ಸ್ಟಿಕ್ ನೋಡಿ. ಕಾರು ಓಡುವಾಗ ಆ ಲೈಟ್ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. 'ಮನೆ ತನಕ ಹೋಗೋಣ' ಎನ್ನಬೇಡಿ.

ಹೊಸ ಫಿಲ್ಟರ್ ಹಾಕುವ ಮುನ್ನ ಹಳೆಯ ಗ್ಯಾಸ್ಕೆಟ್ ಎಂಜಿನ್‌ಗೆ ಅಂಟಿ ಉಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಕೂತರೆ ಆಯಿಲ್ ಪೂರ್ತಿ ಸೋರಿಹೋಗಬಹುದು, ಆಗ ಎಷ್ಟೇ ಒಳ್ಳೆಯ ವಾಲ್ವ್ ಇದ್ದರೂ ಪ್ರಯೋಜನವಿಲ್ಲ.

ಪರೀಕ್ಷೆ ಮುಗಿದ ಮೇಲೆ ಹಳೆಯ ಆಯಿಲನ್ನು ಚರಂಡಿಗೆ, ಮಣ್ಣಿಗೆ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಅದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕಾದ ವಸ್ತು. ಮುಚ್ಚಳ ಇರುವ ಕ್ಯಾನಿನಲ್ಲಿ ಹಾಕಿ, ಹಳೆಯ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರ್‌ಗೆ ಕೊಡಿ. ಕೈಗೆ ತಾಗಿದ್ದರೆ ಸೋಪಿನಿಂದ ತೊಳೆಯಿರಿ.

ಒಟ್ಟಿನಲ್ಲಿ ಹೇಳುವುದಾದರೆ, ಹೊಸ ಫಿಲ್ಟರನ್ನು ಕಣ್ಣಿನಿಂದ ಮತ್ತು ಪಾರ್ಟ್ ನಂಬರಿನಿಂದ ಪರೀಕ್ಷಿಸಿ, ಹಳೆಯ ಫಿಲ್ಟರನ್ನು ಆಯಿಲ್ ತುಂಬಿ ಅಡ್ಡ ಮಲಗಿಸಿ ಪರೀಕ್ಷಿಸಿ. ಯಾವುದಕ್ಕೂ ಬಾಯಿ ಹಾಕಿ ಊದಬೇಕಿಲ್ಲ.